ತಂಗಡಿ ಕಾಂಪೌಂಡಿನ ಒಳಗೆ ಬರಲಿ



2024ರ ಮಾರ್ಚ್ ತಿಂಗಳನ್ನು ಬೆಂಗಳೂರಿನವರು ಬೇಗ ಮರೆಯಲಾರರು. ಕೊಳವೆಬಾವಿಗಳು ಕೈಕೊಟ್ಟು, ಟ್ಯಾಂಕರ್ ಬಂತೆಂದರೆ ಬೀದಿಗೆ ಬೀದಿಯೇ ಕೊಡ ಹಿಡಿದು ಹೊರಬರುತ್ತಿದ್ದ ದಿನಗಳು ಅವು. ಆಗ ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರನ್ನು ಕಾರು ತೊಳೆಯಲಿಕ್ಕಾಗಲಿ ಕೈತೋಟಕ್ಕಾಗಲಿ ಬಳಸುವಂತಿಲ್ಲ, ಬಳಸಿದರೆ 5,000 ರೂಪಾಯಿ ದಂಡ. ಕಾರಿಗೇನೋ ಒದ್ದೆ ಬಟ್ಟೆ ಸಾಕು. ತೋಟಕ್ಕೆ ಏನು ಮಾಡುವುದು? ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಅಂತ ಹೊಂದಿಸಿ ಗುಲಾಬಿಯ ಕುಂಡಗಳನ್ನು ಉಳಿಸಿಕೊಳ್ಳಬಹುದು. ಅಂಗಳದ ಹುಲ್ಲುಹಾಸಿಗೆ, ಕಾಂಪೌಂಡಿನ ಉದ್ದಕ್ಕೂ ಹಚ್ಚಿದ ಡುರಾಂಟದ ಸಾಲಿಗೆ ಆ ನೀರು ಯಾವ ಮೂಲೆಗೆ ಸಾಕು?

ಅಂಥ ಬೇಸಗೆಯಲ್ಲಿ ಬೆಂಗಳೂರು ಬಿಟ್ಟು ಕೋಲಾರದ ಕಡೆಗೋ, ಶಿರಾ ದಾಟಿ ಹಿರಿಯೂರಿನ ಕಡೆಗೋ ಹೊರಟರೆ, ರಸ್ತೆಯ ಪಕ್ಕದ ಜಲ್ಲಿನೆಲದಲ್ಲಿ ಎದೆಮಟ್ಟದ ಒಂದು ಗಿಡ ಹಸಿರಾಗಿ ನಿಂತಿರುತ್ತದೆ. ಸುತ್ತಲಿನ ಹುಲ್ಲು ಸುಟ್ಟುಹೋಗಿರುತ್ತದೆ, ಅದಕ್ಕೆ ಮಾತ್ರ ಬೇಸಗೆಯ ಸುದ್ದಿಯೇ ಮುಟ್ಟಿರುವುದಿಲ್ಲ. ಒಂದೆರಡು ಗೊಂಚಲು ಹಳದಿ ಹೂವೂ ಇದ್ದೀತು. ಅದಕ್ಕೆ ಯಾರೂ ಒಂದು ಚೊಂಬು ನೀರು ಎರೆದವರಲ್ಲ. ಅದು ತಂಗಡಿ. ದಾವಣಗೆರೆ ಸೀಮೆಯಲ್ಲಿ ತಂಗಟೆ ಅನ್ನುತ್ತಾರೆ, ಇನ್ನು ಕೆಲವು ಕಡೆ ಆವರಿಕೆ, ಹೊನ್ನಾವರಿಕೆ. ಸಸ್ಯಶಾಸ್ತ್ರದವರ ಹಳೆಯ ಪುಸ್ತಕಗಳಲ್ಲಿ ಕ್ಯಾಸಿಯ ಆರಿಕ್ಯುಲೇಟ, ಈಗಿನ ಪುಸ್ತಕಗಳಲ್ಲಿ ಸೆನ್ನ ಆರಿಕ್ಯುಲೇಟ. ಈ ಗಿಡವನ್ನು ಬೇಲಿಯಾಚೆಯಿಂದ ಕಾಂಪೌಂಡಿನ ಒಳಕ್ಕೆ ಕರೆದುಕೊಳ್ಳಬೇಕು ಅನ್ನುವುದು ಇವತ್ತಿನ ನನ್ನ ವಾದ. ಕರೆದುಕೊಂಡ ಮೇಲೆ ಅದನ್ನು ಅದರ ಪಾಡಿಗೆ ಬಿಟ್ಟುಬಿಡಬೇಕು ಅನ್ನುವುದು ಇನ್ನೂ ಮುಖ್ಯವಾದ ವಾದ.

ಹಳ್ಳಿಯ ಕಡೆ ಈ ಮಾತು ಎತ್ತಿದರೆ ನಗುತ್ತಾರೆ. "ಅಯ್ಯೋ, ತಂಗಡಿನ ಯಾರಾದ್ರೂ ಮನೇಲಿ ಬೆಳೆಸ್ತಾರೇನ್ರೀ? ಬೀಳುಬಿಟ್ಟ ಹೊಲದ ತುಂಬ ಅದೇ ಅಲ್ವಾ ಇರೋದು!" ಅವರು ಹೇಳುವುದು ಸರಿಯೇ. ದಿನಾ ಕಣ್ಣಿಗೆ ಬೀಳುವುದಕ್ಕೆ ಬೆಲೆ ಕಡಿಮೆ. ಆದರೆ ಅದೇ ಮನೆಯ ಮುಂದೆ ಅಮೆರಿಕ ಖಂಡದಿಂದ ಬಂದ ಡುರಾಂಟ ಇರುತ್ತದೆ, ಅಲ್ಲಿಂದಲೇ ಬಂದ ಹಳದಿ ಹೂವಿನ ಟೆಕೋಮ ಇರುತ್ತದೆ, ಬ್ರೆಜಿಲ್ ಮೂಲದ ಬೋಗನ್‌ವಿಲ್ಲ ಇರುತ್ತದೆ. ಹೊರಗಿನ ಗಿಡವೆಲ್ಲ ಕೆಟ್ಟದ್ದು ಅಂತ ಹೇಳುವ ಪೈಕಿ ನಾನಲ್ಲ. ಹಾಗೆ ಹೊರಟರೆ ಮೆಣಸಿನಕಾಯಿ, ಟೊಮೇಟೊ ಎಲ್ಲ ಕಿತ್ತೆಸೆಯಬೇಕಾಗುತ್ತದೆ. ನಮ್ಮ ನೆಲದ್ದೇ ಆದ, ನಮ್ಮ ಬಿಸಿಲು ಬಲ್ಲ ಗಿಡಕ್ಕೆ ನರ್ಸರಿಯಲ್ಲಿ ಒಂದು ಮೂಲೆಯೂ ಸಿಗದಿರುವುದು ನನಗೆ ಸೋಜಿಗ. ತಂಗಡಿ ಕೊಡಿ ಅಂತ ಕೇಳಿ ನೋಡಿ, ಹಳದಿ ಹೂ ಬಿಡುವ ಬೇರೆ ಏನನ್ನಾದರೂ ಕೈಗೆ ಕೊಟ್ಟು ಕಳಿಸುತ್ತಾರೆ.

ಗುರುತು ಹೇಳುತ್ತೇನೆ. ಸಾಮಾನ್ಯವಾಗಿ ನಾಲ್ಕೈದು ಅಡಿ ಎತ್ತರ, ಮಣ್ಣು ಚೆನ್ನಾಗಿದ್ದರೆ ಇನ್ನೂ ಮೇಲೆ ಹೋಗುತ್ತದೆ. ಬುಡದಿಂದಲೇ ಹತ್ತಾರು ರೆಂಬೆ. ತೊಗಟೆ ಕಂದು, ನಯ. ಹುಣಸೆಯ ಎಲೆಯ ಜೋಡಣೆಯೇ, ಆದರೆ ಕಿರುಎಲೆಗಳು ದೊಡ್ಡವು, ಒಂದು ಕಡ್ಡಿಗೆ ಎಂಟರಿಂದ ಹನ್ನೆರಡು ಜೊತೆ. ಎಲೆಕಡ್ಡಿ ಕೊಂಬೆಗೆ ಸೇರುವ ಕಡೆ ಬೆರಳಿಟ್ಟು ನೋಡಿ. ಅಲ್ಲಿ ಕಿವಿಯಾಕಾರದ ಎರಡು ಅಗಲವಾದ ಹಸಿರು ಪಕಳೆಗಳು ಉದುರದೆ ಉಳಿದಿರುತ್ತವೆ. ತಗಚೆ ಮೊದಲಾದ ಅದರ ದಾಯಾದಿಗಳಲ್ಲಿ ಈ ಕಿವಿ ಇರುವುದಿಲ್ಲ. ಇದೊಂದನ್ನು ನೋಡಿಕೊಂಡರೆ ಮೋಸ ಹೋಗುವುದಿಲ್ಲ. ಕಾಯಿ ತೆಳ್ಳಗೆ, ಚಪ್ಪಟೆ, ಕಾಗದದಷ್ಟು ಹಗುರ, ಮೂರು ನಾಲ್ಕು ಇಂಚು ಉದ್ದ. ಒಳಗೆ ಒಂದೊಂದು ಬೀಜಕ್ಕೂ ಬೇರೆ ಬೇರೆ ಕೋಣೆ, ಹೊರಗಿನಿಂದಲೇ ಎಣಿಸಬಹುದು.

ಈ ಗಿಡವನ್ನು ನಮ್ಮವರು ಅಂಗಳದಲ್ಲಿ ಬೆಳೆಸದಿದ್ದರೂ ಹೂವನ್ನು ಹೊಸ್ತಿಲ ತನಕ ತಂದಿದ್ದಾರೆ. ದಾವಣಗೆರೆ, ಚಿತ್ರದುರ್ಗದ ಕಡೆ ದೀಪಾವಳಿ ಪಾಡ್ಯದ ದಿನ ಸಗಣಿಯ ಹಟ್ಟಿ ಲಕ್ಕವ್ವನನ್ನು ಕೂರಿಸುತ್ತಾರಲ್ಲ, ಅವಳಿಗೆ ತಂಗಟೆ ಹೂ, ಉತ್ರಾಣಿ ಕಡ್ಡಿ ಸಿಕ್ಕಿಸಬೇಕು. ಹಬ್ಬದ ಹಿಂದಿನ ದಿನ ದಾವಣಗೆರೆಯ ಸಂತೆಯಲ್ಲಿ ಚೆಂಡುಹೂವಿನ ರಾಶಿಯ ಪಕ್ಕ ತಂಗಟೆಯ ಕಟ್ಟು ಮಾರಾಟಕ್ಕೆ ಕೂತಿರುತ್ತದೆ. ಗಡಿಯಾಚೆ ತೆಲಂಗಾಣದಲ್ಲಿ ಇದಕ್ಕೆ ಇನ್ನೂ ದೊಡ್ಡ ಮರ್ಯಾದೆ. ನವರಾತ್ರಿಯ ಹೊತ್ತಿಗೆ ಬತುಕಮ್ಮನ ಗೋಪುರ ಕಟ್ಟುವುದೇ ತಂಗೇಡು ಹೂವಿನ ಸುತ್ತುಗಳಿಂದ. 2014ರಲ್ಲಿ ಹೊಸ ರಾಜ್ಯವಾದಾಗ ಅವರು ರಾಜ್ಯಪುಷ್ಪವಾಗಿ ಆರಿಸಿಕೊಂಡದ್ದೂ ಇದನ್ನೇ. ಕಮಲ, ಗುಲಾಬಿ ಬಿಟ್ಟು ಬೀಳುಭೂಮಿಯ ಹೂವಿಗೆ ಪಟ್ಟ ಕಟ್ಟಿದ್ದು ನನಗೆ ಬಹಳ ಹಿಡಿಸಿದ ನಿರ್ಧಾರ.

ಹೂವಿಗೆ ಹಬ್ಬದಲ್ಲಿ ಬೆಲೆ, ತೊಗಟೆಗೆ ಹಿಂದೆ ವರ್ಷವಿಡೀ ಬೆಲೆಯಿತ್ತು. ಒಂದು ಕಾಲದಲ್ಲಿ ದಕ್ಷಿಣ ಭಾರತದ ಚರ್ಮ ಹದಮಾಡುವ ಕೆಲಸವೆಲ್ಲ ನಿಂತಿದ್ದದ್ದು ತಂಗಡಿ ಚಕ್ಕೆಯ ಮೇಲೆ. ಮದರಾಸಿನಿಂದ ಹಡಗೇರಿ ಲಂಡನ್ನಿಗೆ ಹೋಗುತ್ತಿದ್ದ ಹದಮಾಡಿದ ಹಸುವಿನ ತೊಗಲಿಗೆ 'ಈಸ್ಟ್ ಇಂಡಿಯಾ ಕಿಪ್ಸ್' ಅಂತ ಮಾರುಕಟ್ಟೆಯಲ್ಲಿ ಹೆಸರಿತ್ತು. ಅದರ ತಿಳಿಬಣ್ಣ, ಮೆದುತನ ಎರಡೂ ಈ ತೊಗಟೆಯ ಒಗರಿನಿಂದ ಬಂದದ್ದು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಮದರಾಸಿನಲ್ಲಿ ತೊಗಟೆ ಬೇಡದ ಕ್ರೋಮ್ ಹದವನ್ನು ಬಳಕೆಗೆ ತಂದರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದವರೂ ಅವರೇ. ಆಮೇಲೆ ದಕ್ಷಿಣ ಆಫ್ರಿಕದಿಂದ ವಾಟಲ್ ತೊಗಟೆ ಬಂತು. ತಂಗಡಿ ಚಕ್ಕೆಯ ಕಾಲ ಮುಗಿಯಿತು.

ಕೈತೋಟದ ಮಾತಿನ ನಡುವೆ ತೊಗಲಿನ ಕಥೆ ಯಾಕೆ ಅಂದಿರಾ? ಚಕ್ಕೆ ತೆಗೆಯುವವರು ಗಿಡವನ್ನು ಬುಡಕ್ಕೇ ಕೊಯ್ಯುತ್ತಿದ್ದರು. ಕೊಯ್ದ ಬುಡ ಮುಂದಿನ ಮಳೆಗೆ ಮತ್ತೆ ಚಿಗುರುತ್ತಿತ್ತು, ಎರಡು ಮೂರು ವರ್ಷಕ್ಕೆ ಮತ್ತೆ ಕೊಯ್ಲಿಗೆ ಬರುತ್ತಿತ್ತು. ಹಾಗೆ ಕೊಯ್ಸಿಕೊಂಡೂ ಉಳಿದ ಗಿಡ ನಿಮ್ಮ ಕತ್ತರಿಗೆ ಹೆದರುತ್ತದೆಯೇ? ಬೇಲಿಯಾಗಿ ಸವರಲು ಇದಕ್ಕಿಂತ ಗಟ್ಟಿ ಗಿಡ ಹುಡುಕುವುದು ಕಷ್ಟ. ಆ ಒಗರು ಇನ್ನೊಂದು ಉಪಕಾರವನ್ನೂ ಮಾಡಿದೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ತಂಗಡಿಯ ಮುಂದೆ ಆ ಗಾದೆ ಸ್ವಲ್ಪ ಸಡಿಲವಾಗುತ್ತದೆ. ಬೇರೆ ಹಸಿರು ಇರುವ ತನಕ ದನವಾಗಲಿ ಆಡಾಗಲಿ ಅದರ ತಂಟೆಗೆ ಹೋಗುವುದಿಲ್ಲ. ಮನೆಯ ಮುಂದೆ ಬಿಡಾಡಿ ದನಗಳ ಕಾಟ ಇರುವವರು ಈ ಮಾತನ್ನು ಗಮನಿಸಬೇಕು.

ಸರಿ, ಬೆಳೆಸುವುದು ಹೇಗೆ? ಇಲ್ಲಿ ನಿಧಾನವಾಗಿ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಸೋಲುವುದು ಶುರುವಿನಲ್ಲೇ.

ರಸ್ತೆ ಬದಿಯ ಗಿಡವನ್ನು ಕಿತ್ತು ತಂದು ನೆಡುವ ಆಸೆ ಬಿಟ್ಟುಬಿಡಿ. ತಂಗಡಿಯ ಬಲವೆಲ್ಲ ತಾಯಿಬೇರಿನಲ್ಲಿದೆ. ಮೇಲೆ ಗೇಣುದ್ದ ಇದ್ದಾಗಲೇ ಕೆಳಗೆ ಅದಕ್ಕಿಂತ ಎಷ್ಟೋ ಉದ್ದ ಬೇರು ಇಳಿದಿರುತ್ತದೆ. ಕೀಳುವಾಗ ಅದು ತುಂಡಾಗದೆ ಇರುವುದಿಲ್ಲ, ತುಂಡಾದ ಗಿಡ ನಿಮ್ಮ ಅಂಗಳದಲ್ಲಿ ನಾಲ್ಕು ದಿನ ಬಾಡಿ ಐದನೆಯ ದಿನ ಒಣಗುತ್ತದೆ. ಬೀಜದಿಂದಲೇ ಎಬ್ಬಿಸಬೇಕು.

ಮಳೆಗಾಲದ ಕೊನೆಯ ಹೂವಿನ ಕಾಯಿಗಳು ಸಂಕ್ರಾಂತಿಯ ಆಸುಪಾಸಿನಿಂದ ಗಿಡದ ಮೇಲೇ ಒಣಗತೊಡಗುತ್ತವೆ. ಅಲ್ಲಾಡಿಸಿದರೆ ಗಿಲಕು ಗಿಲಕು ಸದ್ದು ಬರುವ ಕಾಯಿಗಳನ್ನು ಬಿಡಿಸಿಕೊಳ್ಳಿ. ಬೀಜದ ಮೇಲೆ ಸಣ್ಣ ತೂತು ಕಂಡರೆ ಒಳಗೆ ಹುಳು ತಿಂದಿದೆ ಅಂತ ಅರ್ಥ, ಅವನ್ನು ಆಚೆ ಹಾಕಿ. ಉಳಿದವನ್ನು ಒಣ ಡಬ್ಬಿಯಲ್ಲಿ ಮೇ ಕೊನೆಯ ತನಕ ಇಡಬಹುದು. ಬೀಜದ ಸಿಪ್ಪೆ ಬಲು ಗಟ್ಟಿ. ಹಾಗೇ ಬಿತ್ತಿದರೆ ಒಂದು ಈ ವರ್ಷ ಮೊಳೆತರೆ ಇನ್ನೊಂದು ಮುಂದಿನ ವರ್ಷ. ಕಾಡಿನಲ್ಲಿ ಅದು ಜಾಣತನ, ಒಂದು ಮಳೆ ಕೈಕೊಟ್ಟರೆ ಇನ್ನೊಂದು ಮಳೆಗೆ ಬೀಜ ಉಳಿದಿರುತ್ತದೆ. ನಮಗೆ ಅಷ್ಟು ತಾಳ್ಮೆ ಇಲ್ಲ. ನೀರು ಕುದಿಸಿ, ಒಲೆಯಿಂದ ಇಳಿಸಿ, ಬೀಜದ ಮೇಲೆ ಸುರಿದು ಮುಚ್ಚಿಡಿ. ಒಲೆಯ ಮೇಲೇ ಬಿಟ್ಟು ಬೀಜವನ್ನು ಬೇಯಿಸಬಾರದು. ಬೆಳಗಾಗುವ ಹೊತ್ತಿಗೆ ಒಳ್ಳೆಯವು ಉಬ್ಬಿ ದಪ್ಪಗಾಗಿರುತ್ತವೆ. ಉಬ್ಬದೆ ಉಳಿದವಕ್ಕೆ ಅದೇ ಉಪಚಾರ ಇನ್ನೊಮ್ಮೆ ಮಾಡಿ, ಇಲ್ಲವೇ ಎರಡು ಉಪ್ಪು ಕಾಗದದ ನಡುವೆ ಇಟ್ಟು ಸ್ವಲ್ಪ ಉಜ್ಜಿ ನೆನೆಹಾಕಿ.

ಎಲ್ಲಿ ಗಿಡ ಬೇಕೋ ಅಲ್ಲೇ ಬಿತ್ತುವುದು ಉತ್ತಮ. ಜೂನ್ ಮಳೆ ಹಿಡಿದ ಮೇಲೆ ನೆಲವನ್ನು ಒಂದಡಿ ಸಡಿಲ ಮಾಡಿ, ಗುಣಿಗೆ ಮೂರು ಬೀಜದಂತೆ ಅರ್ಧ ಇಂಚು ಆಳಕ್ಕೆ ಹಾಕಿ. ವಾರ ಹತ್ತು ದಿನದಲ್ಲಿ ಮೊಳಕೆ ಕಾಣುತ್ತದೆ. ಚೆನ್ನಾಗಿ ಎದ್ದ ಒಂದನ್ನು ಉಳಿಸಿ ಮಿಕ್ಕೆರಡನ್ನು ಕತ್ತರಿಸಿ, ಕೀಳಬೇಡಿ, ಪಕ್ಕದ ಬೇರು ಅಲುಗುತ್ತದೆ. ಚೀಲದಲ್ಲೇ ಎಬ್ಬಿಸುತ್ತೇನೆ ಅನ್ನುವವರು ಉದ್ದನೆಯ ಚೀಲ ತೆಗೆದುಕೊಂಡು, ಎರಡು ತಿಂಗಳ ಒಳಗೆ ನೆಲಕ್ಕೆ ಇಳಿಸಿಬಿಡಬೇಕು. ತಡಮಾಡಿದರೆ ಬೇರು ಚೀಲದ ತಳದಲ್ಲಿ ಸುತ್ತಿಕೊಳ್ಳುತ್ತದೆ, ಹಾಗೆ ಸುತ್ತಿಕೊಂಡ ಬೇರು ಆಮೇಲೆ ನೆಟ್ಟಗೆ ಇಳಿಯುವುದಿಲ್ಲ. ಬೇಲಿಗೆ ಎರಡಡಿಗೊಂದು ಗಿಡ, ಒಂಟಿಯಾಗಿ ಪೊದೆ ಬೇಕಾದರೆ ಸುತ್ತ ನಾಲ್ಕಡಿ ಜಾಗ. ಬಿಸಿಲು ಮಾತ್ರ ಪೂರ್ತಿ ಬೇಕು. ಮಾವಿನ ಮರದ ನೆರಳಿನಲ್ಲಿ ಇದು ಹೂ ಬಿಡುವುದಿಲ್ಲ.

ಮಣ್ಣು? ಕೆಂಪು ಮಣ್ಣು, ಕಪ್ಪು ಮಣ್ಣು, ಗರಸು, ಕೊನೆಗೆ ಚೌಳು ನೆಲವಾದರೂ ಒಪ್ಪಿಕೊಳ್ಳುತ್ತದೆ. ಚೌಳು ನೆಲ ಸರಿಮಾಡಲು ತಂಗಡಿ ಸೊಪ್ಪನ್ನು ಗದ್ದೆಗೆ ತುಳಿಯುವುದು ಹಳೆಯ ಪದ್ಧತಿ. ಒಂದೇ ಒಂದು ಜಾಗ ಅದಕ್ಕೆ ಆಗದು, ಅದು ನೀರು ನಿಲ್ಲುವ ಜಾಗ. ಮಲೆನಾಡಿನ, ಕರಾವಳಿಯ ಕೇಳುಗರು ಇಲ್ಲಿ ಕ್ಷಮಿಸಬೇಕು. ನಿಮ್ಮ ಮಳೆಗೆ ಇದು ತಡೆಯುವ ಗಿಡವಲ್ಲ, ನಿಮಗೆ ಕೇಪಳ ಇದೆ, ಅದರ ಚೆಲುವು ಬೇರೆ.

ಇನ್ನು ನೀರಿನ ವಿಷಯ. ಕೈತೋಟ ಮಾಡುವವರ ಅತಿ ಪ್ರೀತಿಯೇ ತಂಗಡಿಗೆ ಮಾರಿ. ಬೆಳಿಗ್ಗೆ ಎದ್ದು ಪೈಪು ಹಿಡಿದ ಕೈ ಸುಮ್ಮನಿರುವುದಿಲ್ಲ, ಎಲ್ಲದಕ್ಕೂ ಹಾಕಿದ ಹಾಗೆ ಇದಕ್ಕೂ ಹಾಕುತ್ತದೆ. ಬೇರಿಗೆ ಮೇಲೇ ನೀರು ಸಿಕ್ಕರೆ ಆಳಕ್ಕೆ ಇಳಿಯುವ ಕಷ್ಟ ಯಾಕೆ? ಹಾಗೆ ಮುದ್ದಿನಿಂದ ಬೆಳೆದ ಗಿಡ ನೋಡಲು ಸೊಂಪಾಗಿರುತ್ತದೆ, ಉದ್ದುದ್ದ ಬಳುಕುತ್ತದೆ, ಹೂ ಕಡಿಮೆ ಬಿಡುತ್ತದೆ, ನೀವು ಒಂದು ವಾರ ಊರಿಗೆ ಹೋದರೆ ಬಾಡುತ್ತದೆ. ಜಡಿಮಳೆಯ ಜೊತೆಗೆ ನಿಮ್ಮ ನೀರೂ ಸೇರಿದರೆ ಬುಡವೇ ಕೊಳೆಯುತ್ತದೆ. ಮೊದಲ ಬೇಸಗೆ ಮಾತ್ರ ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಬುಡದಿಂದ ಒಂದಡಿ ದೂರದಲ್ಲಿ ಒಂದು ಬಿಂದಿಗೆ ನೀರು ನಿಧಾನವಾಗಿ ಇಂಗಿಸಿ. ಎರಡನೆಯ ಬೇಸಗೆಯಿಂದ ಅದನ್ನೂ ನಿಲ್ಲಿಸಿ. ಗೊಬ್ಬರವೂ ಬೇಡ. ಕುಂಡದಲ್ಲಿ ಬೆಳೆಯಬಹುದೇ ಅಂತ ಫ್ಲ್ಯಾಟಿನಲ್ಲಿರುವವರು ಕೇಳಬಹುದು. ಬದುಕುತ್ತದೆ. ಆದರೆ ಬರ ತಡೆಯುವ ಗುಣ ಬೇರಿನ ಆಳದ್ದು, ಕುಂಡಕ್ಕೆ ಆ ಆಳ ಇಲ್ಲ. ಆಗ ನೀರು ಕೊಡಲೇಬೇಕಾಗುತ್ತದೆ. ನೀರು ಕೊಟ್ಟೇ ಬೆಳೆಸುವುದಾದರೆ ಕುಂಡಕ್ಕೆ ದಾಸವಾಳವೇ ವಾಸಿ.

ಸವರುವುದು ವರ್ಷಕ್ಕೊಮ್ಮೆ, ಮುಂಗಾರಿನ ಮೊದಲ ಹದಮಳೆ ಬಿದ್ದಾಗ. ಮೊಣಕಾಲು ಎತ್ತರಕ್ಕೆ ಕತ್ತರಿಸಿ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಜೂನಿನಲ್ಲಿ ಕತ್ತರಿಸಿದ ಗಿಡ ದಸರಾ, ದೀಪಾವಳಿಯ ಹೊತ್ತಿಗೆ ಮೈತುಂಬ ಹಳದಿಯಾಗುತ್ತದೆ. ಆಗಸ್ಟಿನಲ್ಲಿ ಕತ್ತರಿ ಆಡಿಸಿದರೆ ಆ ವರ್ಷದ ಹಬ್ಬಕ್ಕೆ ಹೂವನ್ನು ಮಾರುಕಟ್ಟೆಯಿಂದ ತರಬೇಕು.

ಹೂ ಬಿಟ್ಟ ಮೇಲೆ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ಗಿಡದ ಹತ್ತಿರ ನಿಲ್ಲಿ. ಎರಡಿಂಚು ಅಗಲದ ಹೂ, ಐದು ಎಸಳು. ನಡುವೆ ಹತ್ತು ಕೇಸರ. ಮೇಲಿನ ಮೂರು ಬರೀ ಹೆಸರಿಗೆ, ಅವುಗಳಲ್ಲಿ ಪರಾಗ ಇಲ್ಲ. ನಡುವಿನವು ಗಿಡ್ಡ, ಕೆಳಗಿನವು ಉದ್ದವಾಗಿ ಬಾಗಿವೆ. ಈ ಹೂವಿನಲ್ಲಿ ಜೇನು ಹನಿಯೂ ಇಲ್ಲ. ಇರುವುದು ಪರಾಗ ಒಂದೇ, ಅದೂ ಬಿಚ್ಚಿ ಹರಡಿಕೊಂಡಿಲ್ಲ, ಕೇಸರದ ತುದಿಯಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳಕ್ಕಿರುವಂಥ ಸಣ್ಣ ತೂತು ಮಾತ್ರ. ನಮ್ಮ ತುಡುವೆ ಜೇನಿಗೆ ಅದನ್ನು ಅಲುಗಾಡಿಸಿ ತೆಗೆಯುವ ಕಲೆ ಗೊತ್ತಿಲ್ಲ. ಗೊತ್ತಿರುವುದು ಕರಿ ದುಂಬಿಗೆ. ಮನೆಯ ತೊಲೆ, ಒಣಬಿದಿರು ಕೊರೆದು ಗೂಡು ಮಾಡುತ್ತದಲ್ಲ, ಅದೇ. ಹೂವಿನ ಮೇಲೆ ಕೂತು, ಕೇಸರಗಳನ್ನು ಕಾಲುಗಳಿಂದ ಅಪ್ಪಿಕೊಂಡು, ರೆಕ್ಕೆ ಬಡಿಯದೆ ಮೈಯನ್ನು ಮಾತ್ರ ಅದುರಿಸುತ್ತದೆ. ಹಾರುವಾಗಿನ ಗುಂಯ್ ಸದ್ದು ಥಟ್ಟನೆ ಏರಿ ಜ್ಜೀ ಅನ್ನುತ್ತದೆ. ಪರಾಗ ತೂತಿನಿಂದ ಚಿಮ್ಮುತ್ತದೆ. ನಡುವಿನ ಗಿಡ್ಡ ಕೇಸರದ ಪರಾಗ ದುಂಬಿಯ ಊಟಕ್ಕೆ, ಉದ್ದ ಕೇಸರದ್ದು ಅದರ ಮೈಗೆ ಅಂಟಿ ಇನ್ನೊಂದು ಹೂವಿಗೆ.

ಇನ್ನೂ ಒಂದು ಸೂಕ್ಷ್ಮ ಇದೆ. ಹೂವಿನ ಹೆಣ್ಣುಭಾಗದ ಕಡ್ಡಿ, ಅಂದರೆ ಶಲಾಕೆ, ಕೆಲವು ಹೂಗಳಲ್ಲಿ ಎಡಕ್ಕೆ ಬಾಗಿರುತ್ತದೆ, ಅದೇ ಗಿಡದ ಇನ್ನು ಕೆಲವು ಹೂಗಳಲ್ಲಿ ಬಲಕ್ಕೆ. ದುಂಬಿಯ ಒಂದು ಪಕ್ಕಕ್ಕೆ ಅಂಟಿದ ಪರಾಗ ಎದುರು ಬಾಗಿದ ಹೂವಿಗೆ ತಲುಪಲು ಇದು ಅನುಕೂಲ. ರಿವ್ಕಾ ಡಲ್‌ಬರ್ಗರ್ ಅನ್ನುವ ಇಸ್ರೇಲಿನ ಸಸ್ಯವಿಜ್ಞಾನಿ ನಮ್ಮ ಈ ಬೇಲಿ ಬದಿಯ ಹೂವಿನ ರಚನೆಯ ಬಗ್ಗೆ 1981ರಲ್ಲಿ ವಿಸ್ತಾರವಾಗಿ ಬರೆದಿದ್ದಾರೆ. ಶಾಲೆಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಎಡದ ಹೂ ಎಷ್ಟು, ಬಲದ ಹೂ ಎಷ್ಟು ಅಂತ ಎಣಿಸಲು ಹಚ್ಚಿ, ಒಂದು ರಜಾದಿನ ಚೆನ್ನಾಗಿ ಕಳೆಯುತ್ತದೆ.

ಎಲೆಯ ಮೇಲೆ ಹಸಿರು ಹುಳು ಕಂಡರೆ ಔಷಧಿ ಹೊಡೆಯಲು ಓಡಬೇಡಿ. ಮಾಟಲ್ಡ್ ಎಮಿಗ್ರಂಟ್ ಅನ್ನುವ ತಿಳಿಹಸಿರು ಬಿಳುಪಿನ ಚಿಟ್ಟೆ ಮೊಟ್ಟೆಯಿಡುವ ಗಿಡಗಳಲ್ಲಿ ಇದೂ ಒಂದು. ಅದರ ಮರಿಗಳು ಒಂದೆರಡು ರೆಂಬೆಯನ್ನು ಬೋಳು ಮಾಡಿದರೂ ಹದಿನೈದಿಪ್ಪತ್ತು ದಿನದಲ್ಲಿ ಮತ್ತೆ ಎಲೆ ತುಂಬುತ್ತದೆ.

ಎರಡು ಎಚ್ಚರಿಕೆಯ ಮಾತು ಹೇಳಬೇಕು. ಮೊದಲನೆಯದು ದಾಯಾದಿಯ ಬಗ್ಗೆ. ಇಂಥದೇ ಹಳದಿ ಗೊಂಚಲಿನ, ಆದರೆ ಮರವಾಗಿ ಬೆಳೆಯುವ ಸೆನ್ನ ಸ್ಪೆಕ್ಟಾಬಿಲಿಸ್ ಅನ್ನುವ ಗಿಡವೊಂದಿದೆ, ಅಮೆರಿಕದ ಉಷ್ಣಪ್ರದೇಶದಿಂದ ಅಲಂಕಾರಕ್ಕೆಂದು ಬಂದದ್ದು. ಅದು ಈಗ ಬಂಡೀಪುರ, ನಾಗರಹೊಳೆಯ ಕಾಡುಗಳಿಗೆ ನುಗ್ಗಿ ತನ್ನ ಬುಡದಲ್ಲಿ ಹುಲ್ಲೂ ಹುಟ್ಟದಂತೆ ಮಾಡುತ್ತಿದೆ. ಅರಣ್ಯ ಇಲಾಖೆಗೆ ಅದನ್ನು ಕೀಳುವುದೇ ಒಂದು ಕೆಲಸವಾಗಿದೆ. ಹಳದಿ ಹೂವಿನ ಸೆನ್ನ ಅಂತ ಯಾರಾದರೂ ಸಸಿ ಕೊಟ್ಟರೆ ಮೊದಲು ಹೇಳಿದ ಆ ಕಿವಿಗಳನ್ನು ಹುಡುಕಿ. ಕಿವಿ ಇಲ್ಲದಿದ್ದರೆ ಹಿಂದಕ್ಕೆ ಕೊಡಿ.

ಎರಡನೆಯದು ಔಷಧಿಯ ಬಗ್ಗೆ. ಹೂವನ್ನು ನೆರಳಲ್ಲಿ ಒಣಗಿಸಿ ಹೆಸರು ಹಿಟ್ಟಿನ ಜೊತೆ ಮೈಗೆ ಹಚ್ಚಿ ಸ್ನಾನ ಮಾಡುವುದು, ಎಳೆ ಕಡ್ಡಿಯಿಂದ ಹಲ್ಲುಜ್ಜುವುದು, ಇವೆಲ್ಲ ಮೊದಲಿನಿಂದ ಇವೆ, ತೊಂದರೆಯಿಲ್ಲ. ಆದರೆ ಆವರಿಕೆ ಹೂವಿನ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ಮಾಯ ಅಂತ ಈಗ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಜನ ಮುತ್ತುತ್ತಿದ್ದಾರೆ. ಸಿದ್ಧ ವೈದ್ಯದಲ್ಲಿ ಮಧುಮೇಹಕ್ಕೆ ಇದರ ಬಳಕೆ ಇರುವುದು ನಿಜ. ಹಾಗಂತ ಡಾಕ್ಟರು ಬರೆದ ಮಾತ್ರೆ ನಿಲ್ಲಿಸಿ ಹಿತ್ತಲಿನ ಹೂ ಕುದಿಸಿ ಕುಡಿಯುವುದು ಅಪಾಯ. ನೆಲಾವರಿಕೆ ಅಂದರೆ ಸೋನಾಮುಖಿ ಬೇರೆಯೇ ಗಿಡ, ಅದು ಬಲವಾದ ಭೇದಿ ಔಷಧಿ. ಹೆಸರಿನ ಗೊಂದಲದಲ್ಲಿ ಒಂದರ ಬದಲು ಇನ್ನೊಂದನ್ನು ಕುಡಿದು ನರಳಬೇಡಿ.

ಬೀಜಕ್ಕೆ ದುಡ್ಡು ಕೊಡಬೇಕಾಗಿಲ್ಲ. ಈ ಸಲ ಸಂಕ್ರಾಂತಿಗೆ ಊರಿಗೆ ಹೋದಾಗ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ ನೋಡಿ, ಒಣಗಿದ ಕಾಯಿ ಗಲಗಲ ಅನ್ನುತ್ತಿರುತ್ತದೆ. ಒಂದು ಗಿಡದ ಕಾಯಿಯನ್ನೆಲ್ಲ ಬಳಿದುಕೊಳ್ಳದೆ ನಾಲ್ಕೈದು ಗಿಡಗಳಿಂದ ಒಂದೊಂದು ಹಿಡಿ ತನ್ನಿ. ಮಿಕ್ಕಿದ ಬೀಜವನ್ನು ಪಕ್ಕದ ಮನೆಯವರಿಗೂ, ನಿಮ್ಮ ಮಕ್ಕಳ ಶಾಲೆಗೂ ಕೊಡಿ. ನರ್ಸರಿಗೆ ಹೋದಾಗಲೆಲ್ಲ ತಂಗಡಿ ಇದೆಯಾ ಅಂತ ಕೇಳುತ್ತಲೇ ಇರಿ. ಕೇಳುವವರು ಹೆಚ್ಚಾದರೆ ಅವರೂ ಸಸಿ ಎಬ್ಬಿಸುತ್ತಾರೆ.